ಅರ್ಧ ಎತ್ತಿದ ಶಟರ್

ಗೌರಿ ಹಬ್ಬ ಹತ್ತಿರ ಬಂದಿತ್ತು. ತಿಲಕ್ ನಗರದ ನನ್ನ ಟೈಲರ್ ಅಂಗಡಿಯಲ್ಲಿ ಬ್ಲೌಸ್ ಹೊಲಿಯುತ್ತಿದ್ದೆ. ಮೋಟಾರ್ ಮಷೀನು ಇದ್ದಕ್ಕಿದ್ದಂತೆ ನಿಂತಿತು. ಕರೆಂಟ್ ಹೋಯಿತೇನೋ ಎಂದು ತಲೆ ಎತ್ತಿದರೆ ಫ್ಯಾನು ತಿರುಗುತ್ತಿತ್ತು.

ನಿಂತದ್ದು ಪೆಡಲ್ ಮೇಲಿದ್ದ ನನ್ನ ಬಲಗಾಲು.

ಏಳಲು ಹೋಗಿ ಬಿದ್ದೆ. ಪಕ್ಕದ ಎಸ್‌ಟಿಡಿ ಬೂತ್‌ನವರು ಆಟೋ ಕರೆಸಿದರು. ಎಂಆರ್‌ಐ ನೋಡಿದ ಡಾಕ್ಟರ್ ಸ್ಲಿಪ್ ಡಿಸ್ಕ್ ಎಂದರು. ನರ ಒತ್ತಿಹೋಗಿದೆ, ಸದ್ಯಕ್ಕೆ ಆಪರೇಷನ್ ಬೇಡ, ಪೂರ್ತಿ ಬೆಡ್ ರೆಸ್ಟ್, ಮಷೀನಿನ ಮುಂದೆ ಕೂತರೆ ಕಾಲಿನ ಆಸೆ ಬಿಡಿ ಎಂದರು. ಎಷ್ಟು ದಿನ ಎಂದು ಕೇಳಿದೆ.

"ದಿನದ ಲೆಕ್ಕ ಬಿಡಿ ಅಮ್ಮ, ತಿಂಗಳ ಲೆಕ್ಕ ಹಾಕಿ."

ಆ ಮಷೀನು ಸಾಲದ್ದು. ಕಂತು ತಪ್ಪಿದರೆ ಎತ್ತಿಕೊಂಡು ಹೋಗುತ್ತಾರೆ. ಸಾಲ ಕೊಟ್ಟವರು ಅದರ ಜೊತೆಗೇ ಒಂದು ಇನ್ಶೂರೆನ್ಸ್ ಸೇರಿಸಿದ್ದರು. ಕಾಯಿಲೆ ಬಿದ್ದು ದುಡಿಯಲಾಗದಿದ್ದರೆ ಕಂತು ಇನ್ಶೂರೆನ್ಸ್‌ನವರು ಕಟ್ಟುತ್ತಾರೆ. ಸ್ವಂತ ಕೆಲಸದವರಿಗೆ ಹೇಳಿ ಮಾಡಿಸಿದ ಹಾಗಿದೆ ಎಂದಿದ್ದರು. ಆಗ ಪ್ರೀಮಿಯಂ ಕಟ್ಟಿ ಹೊಟ್ಟೆ ಉರಿದುಕೊಂಡಿದ್ದೆ. ಈಗ ಅಂಗಾತ ಮಲಗಿ, ಸದ್ಯ, ಅದಾದರೂ ಇದೆಯಲ್ಲ ಎಂದುಕೊಂಡು ಕ್ಲೇಮ್ ಹಾಕಿದೆ.

ಅಂಗಡಿ ಮುಚ್ಚಲು ನಮ್ಮತ್ತೆ ಒಪ್ಪಲಿಲ್ಲ. ಮುಚ್ಚಿದ ಬಾಗಿಲಿಗೆ ಲಕ್ಷ್ಮಿ ಬರುವುದಿಲ್ಲ ಎಂದರು. ದಿನಾ ಬೆಳಿಗ್ಗೆ ಹೋಗಿ ಶಟರ್ ಅರ್ಧ ಎತ್ತಿ, ಕಸ ಗುಡಿಸಿ, ದೀಪ ಹಚ್ಚಿ ಕೂರುತ್ತಿದ್ದರು. ಗಿರಾಕಿ ಬಂದರೆ ಅಳತೆ ಬ್ಲೌಸ್ ಸಮೇತ ಬಟ್ಟೆ ಗಂಟು ಕಟ್ಟಿಟ್ಟು, ಮುಂದಿನ ವಾರ ಬನ್ನಿ ಎನ್ನುತ್ತಿದ್ದರು. ನನಗೂ ಅದೇ ಸರಿ ಅನ್ನಿಸಿತು. ನಮ್ಮ ರಸ್ತೆಯಲ್ಲಿ ಸೂತಕಕ್ಕೆ ಬಿಟ್ಟರೆ ಯಾರೂ ಶಟರ್ ಎಳೆಯುವುದಿಲ್ಲ. ಒಮ್ಮೆ ಬೇರೆ ಟೈಲರ್‌ಗೆ ಅಳತೆ ಕೊಟ್ಟವಳು ಮತ್ತೆ ನಮ್ಮ ಕಡೆ ತಿರುಗುವುದಿಲ್ಲ.

ಇನ್ಶೂರೆನ್ಸ್‌ನವರು ಹೇಳದೆ ಕೇಳದೆ ಅಂಗಡಿಗೆ ಬಂದು ನೋಡಿಹೋದರು.

ಕ್ಲೇಮ್ ರಿಜೆಕ್ಟ್ ಆಯಿತು. ಅಂಗಡಿ ನಡೆಯುತ್ತಿದೆಯಂತೆ.

ಮೈಯೆಲ್ಲ ಉರಿದುಹೋಯಿತು. ಸೊಂಟಕ್ಕೆ ಬೆಲ್ಟ್ ಬಿಗಿದು, ಅತ್ತೆಯ ಹೆಗಲು ಹಿಡಿದು, ಜಯನಗರದಲ್ಲಿದ್ದ ಅವರ ಆಫೀಸಿಗೆ ಹೋದೆ. ಕೂತುಕೊಳ್ಳಿ ಎಂದರು. ಕೂರಲು ಆಗುತ್ತಿದ್ದರೆ ಇಲ್ಲಿಗೆ ಯಾಕೆ ಬರುತ್ತಿದ್ದೆ? ನಿಂತೇ ಮಾತಾಡಿದೆ.

"ದೀಪ ಉರೀತಿತ್ತಲ್ಲ ಮೇಡಂ, ಬಟ್ಟೆನೂ ತಗೋತಿದ್ರು," ಎಂದರು ಅಲ್ಲಿನ ಆಫೀಸರ್.

"ದೀಪ ಹಚ್ಚಿದ್ರೆ ಬ್ಲೌಸ್ ಹೊಲ್ಕೊಂಡು ಬಿಡುತ್ತಾ ಸಾರ್? ಆ ಗಂಟು ಬಿಚ್ಚಿ ನೋಡಿ. ಒಂದಕ್ಕಾದ್ರೂ ಕತ್ತರಿ ಬಿದ್ದಿದ್ಯಾ?"

ಕೆಲಸಕ್ಕೆ ಹೋಗುವವರಾದರೆ ಆಫೀಸಿನಿಂದ ರಜೆಯ ಪತ್ರ ತರುತ್ತಾರೆ, ನಿಮಗೆ ಯಾರು ಕೊಡುತ್ತಾರೆ ಎಂದರು. ಅದು ಗೊತ್ತಿದ್ದೇ ತಾನೆ ನಮಗೆ ಮಾರಿದ್ದು ಎಂದು ಕೇಳಿದೆ. ಧ್ವನಿ ಏರಿತ್ತು. ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಬಿಡಿ. ಕೊನೆಗೆ ಆತ ದನಿ ತಗ್ಗಿಸಿ, ಶಟರ್ ಪೂರ್ತಿ ಮುಚ್ಚಿ ಡಾಕ್ಟರ ಹೊಸ ಸರ್ಟಿಫಿಕೇಟ್ ತಂದರೆ ಅಂದಿನಿಂದ ಕಂತು ಕಟ್ಟುತ್ತೇವೆ ಎಂದರು. ನೋವು ನಿಜವಾಗಿದ್ದರೆ ಸಾಲದು, ಬೀಗವನ್ನೂ ತೋರಿಸಬೇಕು.

ಅಂಗಡಿಯೋ, ಮಷೀನೋ? ಗಿರಾಕಿಗಳು ಹೋದರೆ ಮತ್ತೆ ಸಂಪಾದಿಸಬಹುದು. ಮಷೀನು ಹೋದರೆ ನಾನು ಏನನ್ನು ಓಡಿಸಲಿ? ಅತ್ತೆ ಅಳುತ್ತಲೇ ಗಂಟುಗಳನ್ನು ಮನೆಮನೆಗೆ ವಾಪಸ್ ಕೊಟ್ಟು ಬಂದರು. ದೀಪ ಆರಿಸಲು ಅವರಿಗೆ ಕೈ ಬರಲಿಲ್ಲ, ಎಣ್ಣೆ ತೀರುವವರೆಗೂ ಕಾದರು. ಶಟರ್ ಮೇಲೆ ಅಂಟಿಸಲು ನಾನೊಂದು ಹಾಳೆ ಬರೆದುಕೊಟ್ಟೆ.

"ಕಾಲು ಬಿದ್ದಿದೆ. ನಾನು ಬಿದ್ದಿಲ್ಲ. ಬರುತ್ತೇನೆ."

ಇನ್ಶೂರೆನ್ಸ್‌ನವರು ಕಂತು ಕಟ್ಟಿದರು. ಅದಕ್ಕೂ ಮೊದಲಿನ ಕಂತುಗಳಿಗೆ ನನ್ನ ಕಿವಿಯೋಲೆ ಮಾರಬೇಕಾಯಿತು. ಮಲಗಿದಲ್ಲೇ ಫಿಸಿಯೋಥೆರಪಿ, ಆಮೇಲೆ ಗೋಡೆ ಹಿಡಿದು ನಡಿಗೆ. ಬಲಗಾಲಿನ ಹೆಬ್ಬೆರಳು ಈಗಲೂ ಮರಗಟ್ಟಿದೆ. ಸ್ವಲ್ಪ ಹೊತ್ತು ಹೊಲಿದರೆ ಎದ್ದು ಓಡಾಡಬೇಕು. ಆದರೂ ಪೆಡಲ್ ಒತ್ತುತ್ತದೆ ಈ ಕಾಲು, ಅಷ್ಟು ಸಾಕು.

ಆ ಇನ್ಶೂರೆನ್ಸ್ ಮಾಡಿಸಬಹುದಾ ಎಂದು ರಸ್ತೆಯ ಅಂಗಡಿಯವರು ಕೇಳುತ್ತಾರೆ. ಮಾಡಿಸಿ ಎನ್ನುತ್ತೇನೆ. ಆದರೆ ಕಾಯಿಲೆ ಬಿದ್ದ ದಿನವೇ ಶಟರ್ ಎಳೆಯುವ ಗುಂಡಿಗೆ ಇದೆಯಾ ಎಂದು ಮೊದಲು ಕೇಳಿಕೊಳ್ಳಿ. ಇಲ್ಲದಿದ್ದರೆ ಆ ದುಡ್ಡಿಗೆ ದೀಪದ ಎಣ್ಣೆ ತನ್ನಿ.

ಮತ್ತೆ ಅಂಗಡಿ ತೆಗೆದ ಬೆಳಿಗ್ಗೆ ಹೊರಗೆ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ವಾಪಸ್ ಕೊಟ್ಟಿದ್ದ ಬಟ್ಟೆಯನ್ನು ಯಾರಿಗೂ ಕೊಡದೆ ಹಾಗೇ ತಂದಿದ್ದರು. ಕಣ್ಣು ತುಂಬಿ ಬಂತು. ಅತ್ತೆ ಅಭ್ಯಾಸಬಲದಿಂದ ಶಟರ್ ಅರ್ಧಕ್ಕೆ ನಿಲ್ಲಿಸಿದರು.

"ಪೂರ್ತಿ ಎತ್ತಿ ಅತ್ತೆ," ಎಂದೆ.