ಬಾಟಲಿಯ ಬೆನ್ನು ಓದಿಸಿದ ಹರಿಣಾಕ್ಷಿ ಮೇಡಂ

ಆಹಾರ ಸುರಕ್ಷತಾ ಅಧಿಕಾರಿಯೆಂದರೆ ಹೋಟೆಲಿನ ಅಡುಗೆಮನೆಗೆ ನುಗ್ಗಿ, ಎಣ್ಣೆ ಬಾಣಲೆ ಇಣುಕಿ, ದಂಡ ಹಾಕಿ ಹೋಗುವವರು ಎಂದಷ್ಟೇ ತಿಳಿದಿದ್ದ ಕುಂದಾಪುರ, ಬೈಂದೂರು, ಬ್ರಹ್ಮಾವರದ ನಮ್ಮಂಥ ಅಂಗಡಿಕಾರರಿಗೆ, ಮಾರುವ ವಸ್ತುವಿನ ಮೇಲೆ ಏನು ಬರೆದಿದೆಯೆಂದು ತಿಳಿದು ಮಾರುವುದೂ ವ್ಯಾಪಾರದ ಧರ್ಮವೇ ಎಂದು ಕಲಿಸಿದವರು ಶ್ರೀಮತಿ ಹರಿಣಾಕ್ಷಿಯವರು. ಈ ತಿಂಗಳು ನಿವೃತ್ತರಾಗುತ್ತಿರುವ ಅವರ ಕುರಿತು ನಾಲ್ಕು ಮಾತು ಬರೆಯಲು ಮರವಂತೆಯ ಒಬ್ಬ ದಿನಸಿ ಅಂಗಡಿಯವನಿಗೆ ಅವಕಾಶ ಸಿಕ್ಕಿದ್ದು ನನ್ನ ಭಾಗ್ಯ.

ಅವರು ಸೇವೆ ಆರಂಭಿಸಿದ್ದು ಬ್ರಹ್ಮಾವರದ ಕಡೆ. ಬಾರ್ಕೂರಿನಲ್ಲಿ ಚಹಾ ಅಂಗಡಿ ಇಟ್ಟಿದ್ದ ಚಂದಯ್ಯನವರ ಎದುರೇ ತಣ್ಣೀರಿಗೆ ಚಹಾಪುಡಿ ಉದುರಿಸಿ, ಅದು ಕಲಬೆರಕೆಯ ಬಣ್ಣ ಬಿಡುವುದನ್ನು ತೋರಿಸಿ, ಒಳ್ಳೆಯ ಪುಡಿ ಎಲ್ಲಿ ಸಿಗುತ್ತದೆಂದೂ ಹೇಳಿ ಹೋದರಂತೆ. "ಇಷ್ಟ್ ವರ್ಷ ನಾನೂ ಇದೇ ಬಣ್ಣ ಕುಡ್ದದ್ ಅಲ್ದಾ" ಎಂದು ಚಂದಯ್ಯ ಈಗಲೂ ಹೇಳುತ್ತಾರೆ.

ಮೂರು ವರ್ಷಗಳ ಹಿಂದೆ ಮೇಡಂ ನನ್ನ ಅಂಗಡಿಯ ತಪಾಸಣೆಗೆ ಬಂದಿದ್ದಾಗ ಮೀನು ಮಾರುವ ಸರಸಕ್ಕ ಬುಟ್ಟಿ ಇಳಿಸಿ ಕೂಗಿದರು: "ಹ್ವಾಯ್, ನನ್ ಶಕ್ತಿ ಬಾಟ್ಲಿ ಕೊಡಿ."

"ಇದ್ ಎಂತಕ್ಕೆ ಸರಸಕ್ಕ, ನೀವ್ ಕುಡುದಾ?" ಎಂದು ಮೇಡಂ ಕೇಳಿದರು.

"ನಂಗೆಂತಕ್ಕೆ? ಸೊಸಿಗೆ. ಬಾಳಂತಿ ಅಲ್ದಾ, ಎದೆಹಾಲ್ ಕುಡ್ಸುವವ್ಳಿಗೆ ಶಕ್ತಿ ಬ್ಯಾಡ್ದಾ? ಆ ಮಗು ಒಂದ್ ನಿದ್ರಿ ಮಾಡುದಿಲ್ಲೆ. ದೃಷ್ಟಿ ತೆಗ್ದದ್ದೂ ಆಯ್ತ್, ನೂಲ್ ಕಟ್ಟಿದ್ದೂ ಆಯ್ತ್. ದಿನಾ ಸೊರಗ್ತಾ ಇತ್ತ್."

ಬಾಳಂತಿಗೆ ಕೊಡುವ ಕಷಾಯ, ಲೇಹ್ಯದ ಸಾಲಿಗೆ ಆ ಎನರ್ಜಿ ಡ್ರಿಂಕ್ ಬಾಟಲಿಯನ್ನೂ ಸರಸಕ್ಕ ಸೇರಿಸಿಬಿಟ್ಟಿದ್ದರು. ಎದುರಿಗೆ ದೊಡ್ಡ ಕನ್ನಡ ಅಕ್ಷರದಲ್ಲಿ 'ಶಕ್ತಿ' ಎಂದಿತ್ತಲ್ಲ. ಮೇಡಂ ಬಾಟಲಿ ತಿರುಗಿಸಿ, ಬೆನ್ನಿನ ಮೇಲಿದ್ದ ಸಣ್ಣ ಇಂಗ್ಲಿಷ್ ಸಾಲನ್ನು ನಮ್ಮ ಮಾತಿನಲ್ಲೇ ಓದಿದರು: "ಇದ್ರಲ್ಲಿ ಕೆಫೀನ್ ಜಾಸ್ತಿ ಇತ್ತ್. ಮಕ್ಳಿಗೆ, ಬಸ್ರಿಯರಿಗೆ, ಎದೆಹಾಲ್ ಕುಡ್ಸುವವ್ರಿಗೆ ಆಪ್ದಲ್ಲ."

ಸರಸಕ್ಕ ಬಾಟಲಿ ಬೇಡವೆಂದು ಬುಟ್ಟಿ ಎತ್ತಿಕೊಂಡರು. ಸೊಸೆಗೆ ಮುಖ ತೋರಿಸುವುದು ಹೇಗೆಂಬ ಚಿಂತೆ ಅವರದು. ಮೇಡಂ ತಪಾಸಣೆ ಅಲ್ಲಿಗೇ ನಿಲ್ಲಿಸಿ, ಅವರ ಜೊತೆ ಮನೆಗೆ ನಡೆದು, "ಅತ್ತೆದ್ ತಪ್ಪಲ್ಲ, ಓದುಕಾಗದ ಹಾಂಗೆ ಬರ್ದವ್ರದ್" ಎಂದು ಸೊಸೆ ರಮಿತಾಳಿಗೆ ತಿಳಿಹೇಳಿ, ಮಗುವನ್ನು ಡಾಕ್ಟರಿಗೂ ತೋರಿಸಿ ಬರುವಂತೆ ಮಾಡಿದರು. ಬಾಟಲಿ ಕೊಡುವುದು ನಿಂತಿತು. ಕೆಲವು ದಿನ ಕಳೆದು ರಮಿತಾ ಅಂಗಡಿಗೆ ಬಂದಾಗ ಮಗು ಅವಳ ಹೆಗಲ ಮೇಲೆ ಗಾಢನಿದ್ರೆಯಲ್ಲಿತ್ತು.

ಆ ಪಾನೀಯ ತಯಾರಾಗುತ್ತಿದ್ದುದು ಕೋಟದ ಲೀಲಾಧರರ ಘಟಕದಲ್ಲಿ. ಅವರ ಮೇಲೆ ಕೇಸು ಹಾಕುವಂತಿರಲಿಲ್ಲ. ಎಚ್ಚರಿಕೆಯ ಸಾಲು ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಕಾನೂನಿಗೆ ಸಾಕು. ಅದನ್ನು ಕನ್ನಡದಲ್ಲೂ ಹಾಕಿರೆಂದು ಮೇಡಂ ಕೇಳಿಕೊಳ್ಳಲು ಹೋದಾಗ ಜೊತೆಗೆ ನಾನೂ ಇದ್ದೆ.

"ಕನ್ನಡದಲ್ಲಿ ಬರೀಕ್ ಅಂದ್ ಕಾನೂನಲ್ಲಿ ಎಲ್ಲಿತ್ತ್ ಮೇಡಂ?" ಎಂದರು ಲೀಲಾಧರ.

"ಇಲ್ಲೆ. ಹಾಂಗಾರೆ ಶಕ್ತಿ ಅಂದೇಳಿ ಕನ್ನಡದಲ್ಲಿ ಬರೀಕ್ ಅಂದ್ ಎಲ್ಲಿತ್ತ್?"

ಲೀಲಾಧರ ನಕ್ಕು, ನಮಗೆ ಚಹಾ ತರಿಸಿದರು. ಲೇಬಲ್ ಮಾತ್ರ ಬದಲಾಗಲಿಲ್ಲ.

ಅಂದಿನಿಂದ ಮೇಡಂ ಯಾವ ಅಂಗಡಿಗೆ ಹೋದರೂ ಆ ಬಗೆಯ ಬಾಟಲಿಗಳನ್ನೆಲ್ಲ ಬೆನ್ನು ಮುಂದಾಗಿ ತಿರುಗಿಸಿಟ್ಟು, ಕೇಳಿದವರಿಗೆ ಓದಿ ಹೇಳಿ ಎಂದು ಕೈಮುಗಿದು ಕೇಳುತ್ತಿದ್ದರು. ಅಧಿಕಾರವಿದ್ದೂ ಕೈಮುಗಿದವರನ್ನು ನಾನು ಹೆಚ್ಚು ಕಂಡಿಲ್ಲ. "ಬೆನ್ನ್ ಹಾಕಿ ಕೂಕಂಡ್ರೆ ಯಾರ್ ತಕಂತ್ರ್ ಮೇಡಂ?" ಎಂದು ತಮಾಷೆ ಮಾಡಿದರೆ, "ಬೇಕಾದವ್ರ್ ಕೇಳ್ಕಂಡ್ ತಕಂತ್ರ್" ಎನ್ನುವರು. ಮಾರಾಟ ಸ್ವಲ್ಪ ಇಳಿದದ್ದು ನಿಜ. ಅದಕ್ಕೆ ನನಗೆ ಬೇಸರವಿಲ್ಲ.

ನಿವೃತ್ತಿಯ ಸುದ್ದಿ ಕೇಳಿ ಸರಸಕ್ಕ ಮೊನ್ನೆ ಬುಟ್ಟಿ ಹೊತ್ತುಕೊಂಡೇ ನಿಂತು ಕೇಳಿದರು: "ಇನ್ ನಮ್ಗ್ ಓದಿ ಹೇಳುದ್ ಯಾರ್?" ಉತ್ತರಕ್ಕೆ ಕಾಯದೆ, ಹಿಂದಿನ ದಿನ ಬಂದಿಳಿದಿದ್ದ ಹೊಸ ಬಾಟಲಿಗಳತ್ತ ಕೈಚಾಚಿ, ಒಂದೊಂದನ್ನೇ ತಿರುಗಿಸಿಟ್ಟು ಹೋದರು. ಅವರಿಗೆ ಇಂಗ್ಲಿಷ್ ಅಕ್ಷರ ಬಾರದು. ಆ ಸಾಲು ಎಲ್ಲಿದೆಯೆಂದು ಗೊತ್ತು.

ಹರಿಣಾಕ್ಷಿಯವರಿಗೆ ದೀರ್ಘಾಯುಸ್ಸು ಇರಲಿ, ಕಣ್ಣು ಮಂಜಾಗದಿರಲಿ, ನಮ್ಮ ಅಂಗಡಿಗಳಿಗೆ ಅವರ ಬರವು ನಿಲ್ಲದಿರಲಿ. ಆ ಎಚ್ಚರಿಕೆ ಕನ್ನಡದಲ್ಲಿ, ಬಾಟಲಿಯ ಎದುರಿಗೇ ಅಚ್ಚಾಗಿ ಬರುವ ದಿನ ಮೊದಲು ಓದುವವರು ಅವರೇ ಆಗಲಿ. ಅಲ್ಲಿಯವರೆಗೆ ತಿರುಗಿಸಿಡುವ ಕೆಲಸ ನಮ್ಮದು.