ಸೀಟಿಗೆ ಹಾಕಿದ ಟುವಾಲು

ಮಾಗಡಿಯಿಂದ ಹೊರಟಾಗ ನನ್ನ ಚೀಲದಲ್ಲಿ ಎರಡು ಟುವಾಲುಗಳಿದ್ದವು. ಒಂದು ಹಿಂದಿನ ದಿನ ಪೇಟೆಯಲ್ಲಿ ಕೊಂಡದ್ದು, ಇನ್ನೊಂದು ನಮ್ಮ ಯಜಮಾನರದು. ಅವರು ತೀರಿಕೊಂಡು ವರ್ಷ ತುಂಬುತ್ತಾ ಬಂದಿತ್ತು. ದೊಡ್ಡಮಳೂರಿಗೆ ಕೊಟ್ಟಿರುವ ನನ್ನ ನಾದಿನಿ ಜಯಮ್ಮ ಫೋನಿನಲ್ಲಿ ಕೇಳಿದ್ದು ಒಂದೇ: “ಅಣ್ಣಂದು ಒಂದು ಟುವಾಲು ಕೊಡು ಅತ್ತಿಗೆ. ಇನ್ನೇನೂ ಬ್ಯಾಡ.” ಆಗಲಿ ಅಂದುಬಿಟ್ಟೆ. ಆಮೇಲೆ ಶುರುವಾಯಿತು ಸಂಕಟ. ಉಳಿದಿದ್ದದ್ದು ಅದೊಂದೇ, ಅದನ್ನು ನಾನು ಒಗೆದಿರಲಿಲ್ಲ. ಮೂಗಿಗೆ ಹಿಡಿದರೆ ಬೆವರು, ನಶ್ಯ, ಅವರೇ. ಹೊಸದನ್ನು ಕೊಟ್ಟು, ಅಣ್ಣ ಹೊದೆಯದೆ ಎತ್ತಿಟ್ಟಿದ್ದು ಅಂದರಾಯಿತು ಎಂದುಕೊಂಡು ಬಸ್ ಹತ್ತಿದೆ.

ರಾಮನಗರಕ್ಕೆ ಒಂದು ಗಂಟೆಯ ದಾರಿ. ಹೆಂಗಸರಿಗೆ ಟಿಕೆಟ್ ಸೊನ್ನೆ. ಅವರಿದ್ದಿದ್ದರೆ ತಾವೊಬ್ಬರೇ ಕಾಸು ಕೊಡಬೇಕಾಯಿತಲ್ಲ ಅಂತ ದಾರಿಯುದ್ದಕ್ಕೂ ಗೊಣಗುತ್ತಿದ್ದರು. ಎರಡೂ ಬದಿ ಬಂಡೆಗುಡ್ಡ, ನಡುವೆ ಹಿಪ್ಪುನೇರಳೆ ತೋಟ, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

ಯಜಮಾನರು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಮಾತಿನ ಮೂಲ ಹುಡುಕುವ ಹುಚ್ಚು. ಟುವಾಲು ಎಂಬ ಮಾತಿನ ಕಥೆಯನ್ನಂತೂ ಇದೇ ರಸ್ತೆಯಲ್ಲಿ ಎಷ್ಟು ಸಲ ಹೇಳಿದ್ದರೋ. ಹಳೆಯ ಜರ್ಮನ್ ಬುಡಕಟ್ಟಿನವರ ಬಾಯಲ್ಲಿ ‘ತೊಳೆಯುವುದು’ ಎಂಬ ಮಾತಿನಿಂದ ಹುಟ್ಟಿ, ಮೈಕೈ ತೊಳೆದು ಒರೆಸುವ ಬಟ್ಟೆಯ ಹೆಸರಾಗಿ, ಅಲ್ಲಿಂದ ಫ್ರೆಂಚರ ಊಟದ ಮೇಜಿಗೆ, ಇಂಗ್ಲಿಷರ ಬಚ್ಚಲಿಗೆ, ಪೋರ್ಚುಗೀಸರ ಹಡಗಿಗೆ ಹೋಯಿತಂತೆ. ಇವರಲ್ಲಿ ಯಾರ ಜೊತೆ ನಮ್ಮ ಕಡೆಗೆ ಬಂತೋ, ಅದು ಅವರಿಗೂ ಖಚಿತವಿರಲಿಲ್ಲ. “ಅಷ್ಟು ದೂರದಿಂದ ಬಂದು ಕೊನೆಗೆ ನಿಮ್ಮ ಹೆಗಲೇ ಬೇಕಿತ್ತಾ ಅದಕ್ಕೆ?” ಎಂದು ರೇಗಿಸುತ್ತಿದ್ದೆ. ಈಗ ಅದೇ ಕಥೆಯನ್ನು ಇನ್ನೊಂದು ಸಲ ಕೇಳಬೇಕೆಂದು ಜೀವ ಹಾತೊರೆಯುತ್ತದೆ.

ರಾಮನಗರದಲ್ಲಿ ತಟ್ಟೆ ಇಡ್ಲಿ ತಿಂದೆ. ಚನ್ನಪಟ್ಟಣದ ಬಸ್ಸಿಗೆ ಜನವೋ ಜನ. ಹಿಂದೆಲ್ಲ ಇಂಥ ಹೊತ್ತಿನಲ್ಲಿ ಅವರು ನುಗ್ಗುತ್ತಿರಲಿಲ್ಲ. ಹೊರಗಿನಿಂದಲೇ ಕಿಟಕಿಗೆ ಕೈ ಹಾಕಿ ಸೀಟಿನ ಮೇಲೆ ಟುವಾಲು ಎಸೆದು, “ಟುವಾಲು ಹಾಕಿವ್ನಿ, ನಿಧಾನಕ್ಕೆ ಹತ್ತು” ಎನ್ನುತ್ತಿದ್ದರು. ಎಂಥ ಗಟ್ಟಿಗನೂ ಆ ಸೀಟು ಮುಟ್ಟುತ್ತಿರಲಿಲ್ಲ. ಈ ಸಲ ಚನ್ನಪಟ್ಟಣದವರೆಗೂ ನಿಂತೇ ಹೋದೆ.

ಅಲ್ಲಿಂದ ಆಟೋದಲ್ಲಿ ದೊಡ್ಡಮಳೂರು. ಜಯಮ್ಮ ಮುದ್ದೆ, ಬಸ್ಸಾರು ಮಾಡಿದ್ದಳು. ಉಂಡು ಕೈತೊಳೆದ ಮೇಲೆ ಹೊಸ ಟುವಾಲು ತೆಗೆದುಕೊಟ್ಟು, ಕಟ್ಟಿಕೊಂಡು ಬಂದ ಸುಳ್ಳನ್ನೂ ಹೇಳಿದೆ. ಅವಳು ಅದನ್ನು ಬಿಡಿಸಿ ಮುಖಕ್ಕೆ ಒತ್ತಿಕೊಂಡಳು. ಮುಖ ಸಪ್ಪಗಾಯಿತು, ಮೆಲ್ಲಗೆ ಮಡಿಸತೊಡಗಿದಳು. ಅವಳೂ ನನ್ನಂತೆಯೇ ಮೂಗಿಗೆ ಹಿಡಿದು ಅಣ್ಣನನ್ನು ಹುಡುಕಿದ್ದಳು. ಚೀಲದಿಂದ ಹಳೆಯದನ್ನು ತೆಗೆದು ಅವಳ ಮಡಿಲಿಗೆ ಹಾಕಿದೆ. ಒಗೆದಿಲ್ಲ ಕಣೆ, ಬೇಜಾರು ಮಾಡ್ಕೋಬೇಡ ಎಂದೆ.

ಅವಳು ಉಸಿರೆಳೆದುಕೊಂಡಳು. “ಒಗೀದೆ ಇದ್ದದ್ದೇ ಒಳ್ಳೇದಾಯ್ತು ಬುಡು ಅತ್ತಿಗೆ. ನಮ್ಮಣ್ಣ ಇದ್ರಲ್ಲೇ ಅವ್ನೆ.” ಇಬ್ಬರೂ ಸಾಕಾಗುವಷ್ಟು ಅತ್ತೆವು. ಹೊಸದನ್ನು ಅವಳೇ ನನ್ನ ಚೀಲಕ್ಕೆ ತುರುಕಿದಳು.

ಸಂಜೆ ಬಸ್ ನಿಲ್ದಾಣಕ್ಕೂ ಬಂದಳು, ಹೆಗಲ ಮೇಲೆ ಅಣ್ಣನ ಟುವಾಲು. ಬಸ್ ಬಂದು ನಿಲ್ಲುವ ಮೊದಲೇ ಜನ ಮುಗಿಬಿದ್ದರು. ನಾನು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಜಯಮ್ಮ ಕಿಟಕಿಯ ಹತ್ತಿರ ಓಡಿದ್ದಳು. ಅದೇ ಮಣಿಕಟ್ಟು, ಅದೇ ಬೀಸು.

“ಟುವಾಲು ಹಾಕಿವ್ನಿ ಅತ್ತಿಗೆ, ನಿಧಾನಕ್ಕೆ ಹತ್ತು.”

ನಿಧಾನಕ್ಕೇ ಹತ್ತಿದೆ. ಸೀಟು ನನಗಾಗಿ ಕಾದಿತ್ತು. ಟುವಾಲನ್ನು ಎತ್ತಿ ಒಮ್ಮೆ ಮುಖಕ್ಕೆ ಹಿಡಿದು, ಕಿಟಕಿಯಿಂದ ಅವಳ ಕೈಗೆ ಕೊಟ್ಟೆ. ಬಸ್ ಹೊರಟಿತು. ಚೀಲದಿಂದ ಹೊಸದನ್ನು ತೆಗೆದು ಕಣ್ಣೊರೆಸಿಕೊಂಡೆ. ಇನ್ನೂ ನೀರು ಕಾಣದ ಬಟ್ಟೆ. ಎಷ್ಟು ಒರೆಸಿದರೂ ಹೀರಲೇ ಇಲ್ಲ.