ಡ್ರೈವರ್ ಸೀಟಿನ ದಿಂಬು

ನಮ್ಮ ಜಗಲಿಯ ಕುರ್ಚಿಯ ಮೇಲೆ ಈಗೊಂದು ಹಳೆಯ ದಿಂಬು ಇದೆ. ಎಷ್ಟು ಒಗೆದರೂ ಕೆಸರಿನ ಕಲೆ ಹೋಗದ ಈ ದಿಂಬು ಮೊನ್ನೆಮೊನ್ನೆಯವರೆಗೂ ಜೀಪಿನ ಡ್ರೈವರ್ ಸೀಟಿನಲ್ಲಿತ್ತು. ಅದರ ಮೇಲೆ ನಾನಿದ್ದೆ. ಕೊಯ್ಲು ಮುಗಿದ ಗದ್ದೆಗಳಿಗೆ ನೀರು ಬಿಟ್ಟು ನಡೆಸುವ ಕೆಸರಿನ ರೇಸುಗಳಲ್ಲಿ, ಬಿ.ಸಿ.ರೋಡಿನಲ್ಲಿ ಗ್ಯಾರೇಜು ಇಟ್ಟಿರುವ ಗೆಳೆಯ ಹಮೀದನ ಜೀಪನ್ನು ಓಡಿಸುತ್ತಿದ್ದವನು ನಾನೇ. ಪ್ರಾಯ ಐವತ್ತೆಂಟು, ಸೊಂಟವನ್ನು ಕೇಳಿದರೆ ಇನ್ನೂ ಹೆಚ್ಚು ಹೇಳೀತು.

ಈ ಸಲ ಬೆಳುವಾಯಿಯ ರೇಸಿಗೆ ಮುಂಚೆ ಹಮೀದ ಮನೆಗೆ ಬಂದ. "ಈ ವರ್ಷ ಮೂಡುಬಿದಿರೆಯ ಹುಡುಗ ನಿಹಾಲ ಓಡಿಸಲಿ ಅಂತ ಎಲ್ಲರ ಅಭಿಪ್ರಾಯ ಉಂಟು. ನೀವು ಹಿರಿಯರು, ಮಾರ್ಗದರ್ಶನ ಮಾಡಬೇಕು" ಎಂದ. ಮಿತ್ರರೇ, ಶಾಲೆಯ ದಿನಗಳಿಂದ ನನ್ನನ್ನು ತುಳುವಿನಲ್ಲೇ ಬೈಯುತ್ತ ಬಂದವನು ಅಂದು ಕನ್ನಡದಲ್ಲಿ ಮಾತಾಡಿದ. ನಮ್ಮ ಕಡೆ ಕನ್ನಡವೆಂದರೆ ಕಚೇರಿಯ, ವೇದಿಕೆಯ ಮಾತು. ಗೆಳೆಯರ ನಡುವೆ ಅದು ಕೇಳಿಸಿದರೆ ಏನೋ ತೀರ್ಮಾನವಾಗಿಬಿಟ್ಟಿದೆ ಎಂದೇ ಅರ್ಥ. ಸೀಟು ಹೋದದ್ದಕ್ಕಿಂತ ಆ ಮರ್ಯಾದೆಯೇ ನನಗೆ ಹೆಚ್ಚು ನೋವು ಕೊಟ್ಟಿತು.

ಹಳಬನೋ, ಹೊಸಬನೋ? ಎಲ್ಲಿ ಗುಂಡಿ, ಎಲ್ಲಿ ಗಟ್ಟಿ ನೆಲ ಎಂಬುದು ಚಕ್ರಕ್ಕಿಂತ ಮೊದಲು ನನ್ನ ಬೆನ್ನೆಲುಬಿಗೆ ತಿಳಿಯುತ್ತದೆ, ಹೌದು. ಆದರೆ ತಿಳಿದವನಿಗೆ ಹೆದರಿಕೆಯೂ ತಿಳಿದಿರುತ್ತದೆ. ಪ್ರಾಯದ ಹುಡುಗರಿಗೆ ಅದರ ಗೊಡವೆಯಿಲ್ಲ. ನನ್ನ ವಕಾಲತ್ತನ್ನು ನಾನೇ ವಹಿಸಿ ಮನಸ್ಸಿನಲ್ಲಿ ಎಷ್ಟೋ ಸಲ ಗೆದ್ದೆ. ಎದುರು ವಾದಿಸುವವರೇ ಇಲ್ಲದ ಕೋರ್ಟಿನಲ್ಲಿ ಗೆಲ್ಲುವುದೇನು ದೊಡ್ಡ ಸಂಗತಿಯಲ್ಲ.

ರೇಸಿನ ದಿನ ನಿಹಾಲನಿಗೆ ದಿಂಬು ಕೊಡಹೋದೆ. "ಬೇಡ ಅಂಕಲ್, ನನಗೆ ಬೆನ್ನುನೋವು ಇಲ್ಲ" ಎಂದ, ಪಾಪ, ನಗುತ್ತಲೇ. ದಿಂಬನ್ನು ಕಂಕುಳಲ್ಲಿಟ್ಟುಕೊಂಡು, ಅಷ್ಟು ಜನರ ನಡುವೆ ಒಬ್ಬನೇ ಎಂಬಂತೆ ಬದುವಿನ ಮೇಲೆ ನಿಂತೆ. ಕೊನೆಯ ತಿರುವಿನಲ್ಲಿ ಜೀಪು ಓರೆಯಾದಾಗ ನನ್ನ ಬಲಗಾಲು ತಾನಾಗಿಯೇ ಬ್ರೇಕ್ ಒತ್ತಿತು. ಹಸಿ ಮಣ್ಣಿನಲ್ಲಿ ಚಪ್ಪಲಿ ಹೂತುಹೋಯಿತು. ನಿಹಾಲ ಒತ್ತಲಿಲ್ಲ. ಜೀಪು ದಾಟಿತು, ಗೆದ್ದಿತು. ಸಂತೋಷವಾದದ್ದೂ ನಿಜ, ಹೊಟ್ಟೆ ಉರಿದದ್ದೂ ನಿಜ. ಚಪ್ಪಾಳೆ ತಟ್ಟಲೆಂದು ಕೈ ಎತ್ತಿದಾಗ ದಿಂಬು ಕೆಸರಿಗೆ ಬಿತ್ತು.

ಸಂಜೆ ಹಮೀದ ಬಂದು ಜಗಲಿಯಲ್ಲಿ ಕೂತ. ತಡೆಯಲಾರದೆ ಕೇಳಿಯೇಬಿಟ್ಟೆ: "ಆ ತಿರುವಿನಲ್ಲಿ ನಾನಾಗಿದ್ದರೆ?"

"ನೀನು ಬ್ರೇಕ್ ಹಾಕ್ತಿದ್ದೆ ಮಾರಾಯ" ಎಂದ. ಈ ಸಲ ತುಳುವಿನಲ್ಲಿ.

ಗೆಳೆಯ ಮರಳಿ ಸಿಕ್ಕಿದ. ಸೀಟು ಸಿಗುವುದಿಲ್ಲವೆಂಬುದೂ ಅದೇ ಮಾತಿನಲ್ಲಿ ಖಚಿತವಾಯಿತು. ಅವನು ಹೋದ ಮೇಲೆ ದಿಂಬನ್ನು ತೊಳೆದು ಒಣಗಲಿಟ್ಟೆ. ಅಂದಿನಿಂದ ಅದು ಈ ಕುರ್ಚಿಯ ಮೇಲಿದೆ, ಎತ್ತರ ಸರಿಯಾಗಿಯೇ ಇದೆ. ಎದುರಿಗೆ ಬರಿಯ ಅಂಗಳ. ಆಚೆ ರಸ್ತೆಯ ತಿರುವಿನಲ್ಲಿ ಯಾವುದೋ ಬಸ್ಸು ಹಾರ್ನ್ ಹಾಕಿದರೆ, ನನ್ನ ಬಲಗಾಲು ಈಗಲೂ ನೆಲವನ್ನು ಒತ್ತುತ್ತದೆ.